ಕೂಸಿನ ನಿದ್ದೆಗೆ ಕಾದವರು

ದೊಡ್ಡಬಳ್ಳಾಪುರದ ಆ ಹೆರಿಗೆ ಆಸ್ಪತ್ರೆಯವರು ನನ್ನ ಮೊಮ್ಮಗಳ ಕಿವಿಯನ್ನು ಪರೀಕ್ಷಿಸದೆಯೇ ಚೀಟಿಯಲ್ಲಿ ‘ಶ್ರವಣ ಸರಿಯಿದೆ’ ಎಂದು ಬರೆದುಕೊಟ್ಟರು. ನಾವು ಅದನ್ನು ನಂಬಿದೆವು.

ಮೂರು ತಿಂಗಳು ತುಂಬಿದಾಗ ಲಸಿಕೆಗೆಂದು ಮತ್ತೊಂದು ಆಸ್ಪತ್ರೆಗೆ ಹೋದೆವು. “ಮಗ್ಗ ಎಷ್ಟೇ ಬಡ್ಕೊಂಡ್ರೂ ಏಳಲ್ಲ, ನೇಕಾರರ ಕೂಸು!” ಎಂದು ನಾನು ಹೆಮ್ಮೆಯಿಂದ ಹೇಳಿದ್ದು ಅಲ್ಲಿನ ಶ್ರವಣ ತಜ್ಞೆಯ ಕಿವಿಗೆ ಬಿತ್ತು. ಅವರು ನಗಲಿಲ್ಲ, ಒಳಗೆ ಕರೆದರು.

ಪರೀಕ್ಷೆಗೆ ಮಗು ಮಲಗಿರಬೇಕಿತ್ತು, ಅದು ಮಲಗಲೊಲ್ಲದು.

“ನಾಳೆ ಬರ್ತೀವಿ ಬಿಡಮ್ಮ,” ಎಂದೆ.

“ಮಲಗ್ಲಿ ತಾತ, ನಾನು ಕಾಯ್ತೀನಿ.” ಬಂದ ತಾಯಂದಿರಿಗೆಲ್ಲ ಅವರು ಹೇಳುತ್ತಿದ್ದದ್ದು ಇದೇ ಮಾತು.

ಮಗುವನ್ನು ಮಡಿಲಿಗೆ ತೆಗೆದುಕೊಂಡು, ಮಗ್ಗ ಓಡುವಾಗ ನಮ್ಮ ಮನೆಯ ನೆಲ ಅದುರುತ್ತದಲ್ಲ, ಹಾಗೆ ಮೊಣಕಾಲುಗಳನ್ನು ಅದುರಿಸತೊಡಗಿದರು. ಊಟದ ಡಬ್ಬಿ ತೆರೆಯದೆ ಒಂದು ಗಂಟೆ ಹಾಗೆಯೇ ಕುಳಿತರು. ಕೂಸು ನಿದ್ರಿಸಿತು.

ನಡುಗಿವಿಯಲ್ಲಿ ದೋಷವಿಲ್ಲ, ಒಳಗಿವಿ ಶಬ್ದಕ್ಕೆ ಉತ್ತರಿಸುತ್ತಿಲ್ಲ, ಮಗುವಿಗೆ ಕೇಳಿಸುತ್ತಿಲ್ಲ ಎಂದರು. ಮುಂದಿನ ಪರೀಕ್ಷೆಗಳೂ ಅದನ್ನೇ ಹೇಳಿದವು. “ತಡ ಆಗಿಲ್ಲ ತಾತ,” ಎಂದು ನನ್ನ ಕೈ ಹಿಡಿದರು.

ಈಗ ಶ್ರವಣ ಯಂತ್ರ ಧರಿಸಿದ ಮೊಮ್ಮಗಳು ನಾನು ಕರೆದರೆ ತಿರುಗಿ ನಗುತ್ತಾಳೆ. ಕಾದು ಕುಳಿತ ಆ ತಜ್ಞೆ ತಾಯಿಯ ಋಣ ತೀರುವಂಥದ್ದಲ್ಲ.

ಚೀಟಿ ಬರೆದವರೇ, ಪರರ ಕೂಸು ಮಲಗಲೆಂದು ಆಕೆ ಹಸಿದು ಕುಳಿತರು. ನಿಮಗೆ ಅಂದು ಅಂಥ ಯಾವ ಅವಸರವಿತ್ತು?