ತಾರಸಿಯ ಮೇಲಿದ್ದ ಪತ್ರೆ ಗಿಡ

ಬಸವೇಶ್ವರನಗರದ ನಮ್ಮ ಮನೆಯ ತಾರಸಿಯಲ್ಲಿ ಇದ್ದದ್ದು ಒಂದೇ ಗಿಡ. ನೀಲಿ ಡ್ರಮ್ಮಿನಲ್ಲಿ ನಾನು ಬೆಳೆಸಿದ ಬಿಲ್ವ. ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರೆ ನನಗೆ ಅದರ ಎಲೆಯೇ ಬೇಕು. ನಮ್ಮ ಬಾಯಲ್ಲಿ ಅದು ಪತ್ರೆ. ಪತ್ರೆ ಏರಿಸದೆ ನಾನು ಕಾಫಿ ಮುಟ್ಟಿದವಳಲ್ಲ.

ಸೊಸೆಗೆ ಫೋನಿನಲ್ಲಿ ಯಾರದೋ ತಾರಸಿ ತೋಟ ಕಂಡು ತಲೆ ಕೆಟ್ಟಿತು. ಡಿಸೈನ್ ಮಾಡುವ ಹುಡುಗಿಯನ್ನು ಕರೆಸಿದಳು. ಗಿಡ ನೆಡಲು ಡಿಸೈನ್ ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಕೆ ಉಗುರಿಗೆ ಮಣ್ಣು ತಾಗದ ಹಾಗೆ ಕೈಕಟ್ಟಿ ನಿಂತು ಬಿಲ್ವ ನೋಡಿ ಮೂಗು ಮುರಿದಳು.

"ಆಂಟಿ, ಇದು ಬರೀ ಮುಳ್ಳು. ಲುಕ್ಕೇ ಹಾಳು. ಬೇರು ಬೇರೆ ಸ್ಲ್ಯಾಬ್ ಒಡೆಯುತ್ತೆ."

"ಡ್ರಮ್ಮಲ್ಲಿರೋ ಬೇರು ಎದ್ದು ನಡ್ಕೊಂಡು ಹೋಗಿ ಒಡೆಯುತ್ತಾ?"

ಸೊಸೆ ನಡುವೆ ಬಂದಳು. "ಅತ್ತೆ, ನಿಮ್ಮ ಪೂಜೆಗೇನು ಬೇಕೋ ಹೇಳಿ, ಹೊಸದೇ ಹಾಕಿಸ್ತೀನಿ."

"ಪತ್ರೆ ಬೇಕು. ಇನ್ನೇನೂ ಬೇಡ."

ನಾನು ಕೆಂಗೇರಿಯ ತಂಗಿ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುವಷ್ಟರಲ್ಲಿ ಬಿಲ್ವವನ್ನು ಬುಡಕ್ಕೆ ಕತ್ತರಿಸಿ, ಬೊಡ್ಡೆ ಉಳಿದ ಡ್ರಮ್ಮನ್ನು ಟ್ಯಾಂಕಿನ ಹಿಂದೆ ನೂಕಿದ್ದರು. ತಾರಸಿ ತುಂಬ ಹಸಿರೋ ಹಸಿರು. ಆನೆ ಕಿವಿಯಂಥ ಎಲೆ, ಹಾವಿನ ಮೈಯಂಥ ಎಲೆ, ಕಾಲಿಗೆ ಚುಚ್ಚುವ ಪ್ಲಾಸ್ಟಿಕ್ ಹುಲ್ಲು. ಮುಡಿಯಲು ಹೂವಿಲ್ಲ, ಒಗ್ಗರಣೆಗೆ ಕರಿಬೇವಿಲ್ಲ, ಹಪ್ಪಳ ಒಣಗಿಸಲು ಜಾಗವೂ ಇಲ್ಲ. ಹುಡುಗಿ ಫೋಟೋ ಹೊಡೆಯುತ್ತಿದ್ದಳು.

"ನನ್ನ ಪತ್ರೆ ಎಲ್ಲಮ್ಮಾ?"

ಗೋಡೆಯುದ್ದಕ್ಕೂ ಕೈ ತೋರಿಸಿದಳು. ಸಾಲು ಕುಂಡಗಳಲ್ಲಿ ದೊಡ್ಡಪತ್ರೆ! ಮಕ್ಕಳ ನೆಗಡಿಗೆ ರಸ ಹಿಂಡುವ, ಬಜ್ಜಿ ಕರಿಯುವ ದೊಡ್ಡಪತ್ರೆ.

"ಇದನ್ನ ಶಿವನ ತಲೆ ಮೇಲಿಡ್ಲಾ? ಅವನಿಗೇನು ನೆಗಡಿನಾ?"

"ನೀವೇ ಪತ್ರೆ ಅಂದ್ರಲ್ಲ ಆಂಟಿ! ಚಿಕ್ಕದು ಯಾಕೆ ಅಂತ ದೊಡ್ಡದೇ ಹಾಕಿಸಿದೆ."

ಸೊಸೆ ನಕ್ಕಳು. ನನಗೆ ನಗು ಬರಲಿಲ್ಲ. ಮರುದಿನ ಬರೀ ವಿಭೂತಿ ಹಚ್ಚಿ ಪೂಜೆ ಮುಗಿಸಿದೆ. ಕಾಫಿ ಹಾಗೇ ಆರಿತು. ಮಗನನ್ನು ಎಬ್ಬಿಸಿ ಡ್ರಮ್ಮನ್ನು ಕೆಳಗೆ ಗೇಟಿನ ಪಕ್ಕ ಇಡಿಸಿದೆ.

"ಅತ್ತೆ, ಬಾಗಿಲಲ್ಲಿ ಒಣ ಬೊಡ್ಡೆ ಚೆನ್ನಾಗಿ ಕಾಣಲ್ಲ."

"ನಾನೂ ಚೆನ್ನಾಗಿ ಕಾಣಲ್ಲ. ಇದೀನಲ್ಲ?"

ಅಕ್ಕಿ ತೊಳೆದ ನೀರು ಹೊಯ್ಯುತ್ತಾ ಬಂದೆ. ಬೊಡ್ಡೆಯಲ್ಲಿ ಚಿಗುರೊಡೆಯಿತು, ಮುಳ್ಳೂ ಬಂತು. ಮೇಲಿನ ಡಿಸೈನ್ ಬೇಸಿಗೆಗೆ ಸುಟ್ಟು ಕರಕಲಾಯಿತು. ಉಳಿದದ್ದು ದೊಡ್ಡಪತ್ರೆ ಮಾತ್ರ. ಅದರ ಬಜ್ಜಿ ಕರಿದರೆ ಸೊಸೆ ಬಂದವರಿಗೆಲ್ಲ "ನಮ್ಮ ಟೆರೇಸ್ ಗಾರ್ಡನ್ನಿನದು" ಎಂದು ಬಡಿಸುತ್ತಾಳೆ. ಬಡಿಸಲಿ. ನಾನು ಗೇಟಿನ ಹತ್ತಿರ ನನ್ನ ಪತ್ರೆ ಕಿತ್ತುಕೊಂಡು ಒಳಗೆ ಬರುತ್ತೇನೆ. ಕಾಫಿ ಬಿಸಿಯಾಗಿಯೇ ಇರುತ್ತದೆ.