ಸುಳ್ಳು ಬ್ಯಾಡ, ಮರಸು

ಎದುರು ಮನೆ ಅಜ್ಜಿಯ ಎಡಗಿವಿಯ ತೂತು ಎಷ್ಟು ದೊಡ್ಡದೆಂದರೆ ಕೂಸಿನ ಕಿರುಬೆರಳು ಸಲೀಸಾಗಿ ತೂರುತ್ತಿತ್ತು. ಮಾನ್ವಿ ಊರಿನ ಅವಳ ತವರಿನವರು ಹಾಕಿದ ಭಾರದ ಓಲೆಗೆ ಜೋತ ಕಿವಿ. ಓಲೆ ಹೋಗಿ ಯಾವ ಕಾಲವಾಗಿತ್ತೋ, ಆ ತೂತಿನಲ್ಲಿ ಒಂದು ದಿನ ಜೋಳದ ದಂಟಿನ ಚೂರು, ಇನ್ನೊಂದು ದಿನ ಕೋಳಿಯ ಪುಕ್ಕ. ದೇವದುರ್ಗದ ನಮ್ಮ ಓಣಿಯಲ್ಲಿ ಯಾವ ಕೂಸು ಅತ್ತರೂ, "ಅಜ್ಜೀನ ಕರೀರಿ, ಮರಸ್ತಾಳ" ಎನ್ನುತ್ತಿದ್ದರು.

ಮರೆಸು ಎಂದರೆ ಮರೆಯುವಂತೆ ಮಾಡು ಎಂದು ನಾನು ಶಾಲೆಯಲ್ಲಿ ಕಲಿತದ್ದು. ಓಣಿಯಲ್ಲಿ ಅದಕ್ಕೆ ಅಷ್ಟು ದೊಡ್ಡ ಅರ್ಥವಿಲ್ಲ. ಅಳುವ ಕೂಸಿನ ಲಕ್ಷ್ಯವನ್ನು ಕಾಗೆಯ ಕಡೆಗೋ ಕರುವಿನ ಕಡೆಗೋ ಹೊರಳಿಸಿದರೆ ಸಾಕು, ಅದೇ ಮರೆಸುವುದು.

ನನ್ನ ಮಗಳು ಚಿಕ್ಕವಳಿದ್ದಾಗ ಕುದಿಯುವ ಸಾರು ಚೆಲ್ಲಿಕೊಂಡು ಮೊಣಕೈವರೆಗೆ ಸುಟ್ಟುಕೊಂಡಳು. ರಾಯಚೂರಿನ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚುವಾಗ ಅವಳು ಚೀರುವುದನ್ನು ಕೇಳಲಾರದೆ, "ನೋವಾಗಂಗಿಲ್ಲವ್ವಾ, ಏನೂ ಆಗಂಗಿಲ್ಲ" ಎಂದು ಬಡಬಡಿಸುತ್ತಿದ್ದೆ. ಮರುದಿನದಿಂದ ನನ್ನ ಮುಖ ಕಂಡರೇ ಕೈ ಹಿಂದಕ್ಕೆಳೆದುಕೊಳ್ಳತೊಡಗಿದಳು. ಪಟ್ಟಿ ಬದಲಿಸದಿದ್ದರೆ ಗಾಯದಲ್ಲಿ ಕೀವಾಗುತ್ತದೆ ಎಂದರು ಡಾಕ್ಟರು. ನನಗೆ ದಿಕ್ಕೇ ತೋಚಲಿಲ್ಲ.

ಕರೆಯದೆಯೇ ಅಜ್ಜಿ ಬಸ್ಸು ಹತ್ತಿ ಬಂದಳು. ಬಂದವಳೇ ನನಗೆ ಬೈದಳು. "ನೋವಾಗ್ತದ. ಆಗಂಗಿಲ್ಲ ಅಂತ ಯಾಕ ಹೇಳ್ತಿ? ಸುಳ್ಳು ಬ್ಯಾಡ, ಮರಸು." ಆಮೇಲೆ ಮಗಳತ್ತ ಕಿವಿ ಬಗ್ಗಿಸಿ, "ಉರೀತದವ್ವಾ, ಖರೇ. ಈ ಕಿವ್ಯಾಗ ಏನದ ಹೇಳು ನೋಡೂಣು?" ಎಂದಳು. ಮಗಳು ಬಿಕ್ಕುತ್ತಲೇ ಬೆರಳು ತೂರಿಸಿದಳು. ಪುಕ್ಕ ಸಿಕ್ಕಿತು. ಅಷ್ಟರಲ್ಲಿ ಪಟ್ಟಿ ಬಿಚ್ಚಿಯಾಗಿತ್ತು. ಗಾಯ ಮಾಯುವವರೆಗೂ ಆ ಕಿವಿಯೇ ನಮ್ಮನ್ನು ಕಾಪಾಡಿತು.

ಈ ವರ್ಷ ಅಜ್ಜಿಯ ಹೊಟ್ಟೆಯಲ್ಲಿ ಗಡ್ಡೆ. ಅದೇ ರಾಯಚೂರಿಗೆ ಒಯ್ದೆವು. ಡಾಕ್ಟರು ಕೈಚೆಲ್ಲಿದರು. ಮಂಚದ ಕಂಬಿ ಹಿಡಿದು ನರಳುವವಳ ಮುಂದೆ ನಾನು ಮತ್ತೆ ಅದೇ ಮಾತಾಡಿದೆ. "ಆರಾಮ ಆಗ್ತಿ ಅಜ್ಜೀ."

"ಸುಳ್ಳು ಬ್ಯಾಡ ಬೇ. ಮರಸು."

ಏನು ತೋರಿಸಲಿ? ಸಲೈನ್ ಬಾಟಲಿ, ಗೋಡೆ, ಮುಚ್ಚಿದ ಕಿಟಕಿ. ತಲೆಗೆ ಏನೂ ಹೊಳೆಯದೆ ಅತ್ತುಬಿಟ್ಟೆ. ಆಗ, ಈಗ ಕಾಲೇಜಿಗೆ ಹೋಗುವ ನನ್ನ ಮಗಳು ಬಗ್ಗಿ, ಕಲೆಯುಳಿದ ಕೈ ಚಾಚಿ, ಕಿರುಬೆರಳನ್ನು ಆ ತೂತಿಗೆ ಇಟ್ಟಳು. ಬೆರಳು ಹೋಗಲಿಲ್ಲ.

"ಲೇ, ದೊಡ್ಡಾಕಿ ಆಗೀಯಲ್ಲ!" ಅಜ್ಜಿ ನಕ್ಕಳು. ಕಂಬಿ ಹಿಡಿದ ಕೈ ಸ್ವಲ್ಪ ಹೊತ್ತು ಸಡಿಲವಾಯಿತು. ಸಂಜೆಗೆ ಅಜ್ಜಿ ಹೋಗಿಬಿಟ್ಟಳು.

ಈಗ ಓಣಿಯಲ್ಲಿ ಕೂಸು ಅತ್ತರೆ ನನ್ನ ಮಗಳನ್ನು ಕರೆಯುತ್ತಾರೆ. ನಾನು ಮಾತ್ರ ಎದುರು ಮನೆಯ ಬಾಗಿಲು ನೋಡುತ್ತ ಕೂರುತ್ತೇನೆ. ಮಗಳು ಏನೇನೋ ತೋರಿಸುತ್ತಾಳೆ, ನನ್ನ ಲಕ್ಷ್ಯ ಅಲ್ಲಿಂದ ಹೊರಳುವುದಿಲ್ಲ.