ಸಾಮ್ರಾಜ್ಯಶಾಹಿ, ಹಾಜರ್ ಮೇಡಂ!

ಅವರೆಕಾಯಿಯ ಸೊಗಡು ಮೂಗಿಗೆ ಬಿದ್ದರೆ ನನಗೆ ಸಾರು ನೆನಪಾಗುವುದಿಲ್ಲ, ನಮ್ಮ ಇತಿಹಾಸದ ಮೇಡಂ ನೆನಪಾಗುತ್ತಾರೆ. ಮೊನ್ನೆ ದಾಬಸ್‌ಪೇಟೆಯಲ್ಲಿ ಅವರೆಕಾಯಿ ರಾಶಿಯ ಮುಂದೆ ನಿಂತು ಒಬ್ಬಳೇ ನಕ್ಕೆ. ಮಾರುವವಳು ನನ್ನನ್ನೇ ನೋಡುತ್ತಿದ್ದಳು...

ಸಾಸಲು ಕಡೆಯ ನಮ್ಮ ಹೈಸ್ಕೂಲಿನಲ್ಲಿ ಪ್ರಪಂಚದ ಇತಿಹಾಸ ಅಂದರೆ ಎಲ್ಲರಿಗೂ ಕಬ್ಬಿಣದ ಕಡಲೆ. ಆ ದೊಡ್ಡ ದೊಡ್ಡ ಪದಗಳು ತಲೆಗೇ ಹತ್ತುತ್ತಿರಲಿಲ್ಲ. ಮೇಡಂ ಒಂದು ದಿನ ಒಬ್ಬೊಬ್ಬರಿಗೂ ಒಂದೊಂದು ಪದವನ್ನೇ ಹೆಸರಾಗಿ ಇಟ್ಟುಬಿಟ್ಟರು. ಹಾಜರಿ ಕೂಗಿದರೆ ನೆಟ್ಟಗೆ ನಿಂತು ಅದರ ಅರ್ಥ ಹೇಳಬೇಕು.

“ಊಳಿಗಮಾನ್ಯ ಪದ್ಧತಿ?”

“ಜಮೀನು ದೊರೇದು, ಬೆವರು ನಮ್ದು ಮೇಡಂ!”

“ಕೈಗಾರಿಕಾ ಕ್ರಾಂತಿ?”

“ಕೈ ಕೆಲ್ಸ ಮಿಷಿನ್ ಪಾಲಾಯ್ತು ಮೇಡಂ!”

ಗಾಳಿ ಬಂದರೆ ಹಾರಿಹೋಗುವಂತಿದ್ದ ನನಗೆ ಸಿಕ್ಕಿದ್ದು ಸಾಮ್ರಾಜ್ಯಶಾಹಿ! “ಬೇರೆಯವ್ರ ದೇಶಕ್ಕೆ ನುಗ್ತೀನಿ, ಅಲ್ಲಿರೋದೆಲ್ಲ ನಂದೇ ಅಂತೀನಿ ಮೇಡಂ!” ದಿನಾ ಕೂಗಿ ಕೂಗಿ ಅದು ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು.

ಹತ್ತನೇ ಕ್ಲಾಸಿನ ಪರೀಕ್ಷೆಗೆ ಮುಂಚೆಯೇ ಅಜ್ಜಿ ನಮ್ಮ ತಾಲ್ಲೂಕಿನದೇ ಮಧುರೆಯ ಗಂಡೊಂದನ್ನು ನೋಡಿಟ್ಟರು. ಒಪ್ಪಿಗೆಯಾದರೆ ನನ್ನ ಸ್ಕೂಲು ಅಲ್ಲಿಗೆ ಮುಗಿಯಿತು. ಊಟ ಬಿಟ್ಟೆ, ಅತ್ತು ಕರೆದೆ, ಯಾರೂ ಕೇಳಲಿಲ್ಲ. ಕೊನೆಗೆ ಮೇಡಂಗೆ ಹೇಳಿದೆ.

ಗಂಡಿನ ಕಡೆಯವರು ಬಂದ ದಿನ ಮೇಡಂ ಕೂಡ ನಮ್ಮ ಹೊಲದ ಅವರೆಕಾಯಿ ಬೇಕಿತ್ತು ಎಂದು ಬಂದು ಜಗಲಿಯಲ್ಲಿ ಕೂತರು. ನಾನು ಸೀರೆ ಉಟ್ಟು, ತಲೆ ತಗ್ಗಿಸಿ, ಕಾಫಿ ಕೊಟ್ಟೆ. ಗಂಡಿನ ತಾಯಿ “ಏನ್ ನಿನ್ ಹೆಸ್ರು ಮಗಾ?” ಅಂದರು. ನಾನು ಬಾಯಿ ಬಿಡುವ ಮೊದಲೇ ಮೇಡಂ ಕ್ಲಾಸಿನ ಗತ್ತಿನಲ್ಲಿ ಕೂಗಿದರು: “ಸಾಮ್ರಾಜ್ಯಶಾಹಿ!”

ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. “ಬೇರೆಯವ್ರ ದೇಶಕ್ಕೆ ನುಗ್ತೀನಿ, ಅಲ್ಲಿರೋದೆಲ್ಲ ನಂದೇ ಅಂತೀನಿ!”

ಗಂಡಿನ ತಾಯಿ ಲೋಟ ಕೆಳಗಿಟ್ಟರು. “ಅಯ್ಯಪ್ಪಾ! ಇನ್ನೂ ನಮ್ ಹೊಸ್ಲು ದಾಟಿಲ್ಲ, ಆಗ್ಲೇ ಹಿಂಗಂತಾಳಲ್ಲ!”

ಸಂಬಂಧ ಮುರಿಯಿತು. ಅಜ್ಜಿ ಪೊರಕೆ ಹುಡುಕುವಷ್ಟರಲ್ಲಿ ಮೇಡಂ ಅವರೆಕಾಯಿ ಚೀಲ ಎತ್ತಿಕೊಂಡು ಬಸ್ ಹತ್ತಿದ್ದರು. ನಾನು ಪರೀಕ್ಷೆ ಬರೆದೆ, ಕಾಲೇಜೂ ಓದಿದೆ. ಅವತ್ತು ಅವರು ಅಭ್ಯಾಸಬಲದಿಂದ ಬಾಯ್ತಪ್ಪಿ ಕೂಗಿದರು ಎಂದೇ ನಂಬಿದ್ದೆ, ಎಷ್ಟೋ ವರ್ಷ...

ಹೋದ ವರ್ಷ ಮೇಡಂ ತೀರಿಕೊಂಡರು. ತಿಥಿಗೆ ಹೋದಾಗ ಅವರ ಮಗಳಿಗೆ ನನ್ನ ಹೆಸರು ಹೇಳಿದೆ, ಗುರುತು ಹತ್ತಲಿಲ್ಲ. ಸಾಮ್ರಾಜ್ಯಶಾಹಿ ಅಂದೆ. ಅಳುತ್ತಿದ್ದವರು ನಕ್ಕುಬಿಟ್ಟರು.

“ಅಯ್ಯೋ, ನೀವಾ ಅಕ್ಕಾ! ಅವತ್ತು ನಿಮ್ಮನೆಗೆ ಹೊರಡೋಕ್ ಮುಂಚೆ ಅಮ್ಮ ದೇವ್ರಿಗೆ ಹರಕೆ ಹೊತ್ಕೊಂಡಿದ್ರು. ‘ನಾನು ಹಾಜರಿ ಕೂಗ್ದಾಗ ಹುಡುಗಿ ನಾಚ್ಕೊಂಡು ಬಾಯಿ ಮುಚ್ಕೊಂಡ್ಬಿಟ್ರೆ ಏನಪ್ಪಾ ಗತಿ’ ಅಂತ.”

ಬದುಕಿದ್ದಾಗ ಒಂದು ಸಲವಾದರೂ ಅವರ ಕಾಲು ಮುಟ್ಟಬೇಕಿತ್ತು. ಹಾರ ಹಾಕಿದ ಫೋಟೋಗೆ ಕೈ ಮುಗಿದು ಬಂದೆ, ನನ್ನಿಂದ ಆಗಿದ್ದು ಅಷ್ಟೇ.